“ಕಾಲು ಇಷ್ಟು ದಪ್ಪ ಇದೆಯಲ್ಲ, ಬಲ ಯಾಕಿಲ್ಲ?”

ಡುಶೇನ್ ಮಸ್ಕ್ಯುಲರ್ ಡಿಸ್ಟ್ರೊಫಿ (ಸ್ನಾಯುಗಳು ಕ್ರಮೇಣ ಸವೆಯುವ, ಜೀನ್ ದೋಷದ ಕಾಯಿಲೆ) ಇರುವ ಹುಡುಗನನ್ನು ನೋಡಿದವರೆಲ್ಲ ಕೇಳುವುದು ಇದನ್ನೇ. “ಮೀನಖಂಡ ಮುಟ್ಟಿ ನೋಡಿ, ಎಷ್ಟು ಗಟ್ಟಿ! ಆದರೂ ಮೆಟ್ಟಿಲು ಹತ್ತೋಕಾಗಲ್ವಾ?” ಅದರ ಬೆನ್ನಿಗೇ ಇನ್ನೊಂದು: “ಚೆನ್ನಾಗಿ ವ್ಯಾಯಾಮ ಮಾಡಿಸಿ, ಸರಿಹೋಗ್ತಾನೆ.” ಇದು ಪ್ರಶ್ನೆಯಲ್ಲ, ತೀರ್ಪು. ಹುಡುಗ ಸೋಮಾರಿ, ಅಮ್ಮನ ಮುದ್ದು ಜಾಸ್ತಿಯಾಯಿತು ಎಂಬ ತೀರ್ಪು. ಆ ತಾಯಿಯ ಮುಂದೆ ಹೀಗೆ ಮಾತಾಡುವುದನ್ನು ದಯವಿಟ್ಟು ನಿಲ್ಲಿಸಿ.

ಆ ಗಟ್ಟಿತನ ಬಲದ್ದಲ್ಲ. ಮೊದಮೊದಲು ಕೆಲವು ಸ್ನಾಯು ಎಳೆಗಳು ನಿಜವಾಗಿಯೂ ಉಬ್ಬಿರುತ್ತವೆ. ವರ್ಷ ಕಳೆದಂತೆ ಆ ಜಾಗವನ್ನು ಕೊಬ್ಬು ಮತ್ತು ಗಾಯದ ನಾರು ಹಿಡಿಯುತ್ತವೆ. ಫ್ರಾನ್ಸಿನ ವೈದ್ಯ ಡುಶೇನ್ 1868ರ ಹೊತ್ತಿಗೇ ರೋಗಿಯ ಸ್ನಾಯುವಿನ ಚೂರು ತೆಗೆದು ಇದನ್ನು ಕಂಡಿದ್ದ.

ಈ ಮಕ್ಕಳಲ್ಲಿ ಇಲ್ಲದಿರುವುದು ಡಿಸ್ಟ್ರೊಫಿನ್ ಎಂಬ ಪ್ರೋಟೀನ್. ಸ್ನಾಯು ಎಳೆಯ ಒಳಹಂದರವನ್ನು ಪೊರೆಗೂ ಹೊರಗಿನ ಹೊದಿಕೆಗೂ ಬಿಗಿಯುವುದು ಅದರ ಕೆಲಸ. ಅದಿಲ್ಲದೆ ಸ್ನಾಯು ಎಳೆದಾಗಲೆಲ್ಲ ಪೊರೆ ಹರಿಯುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ, ಎಳೆ ಸಾಯುತ್ತದೆ. ಪ್ರೋಟೀನ್ ಪುಡಿ ಕುಡಿಸಿದರೆ ಇದು ತುಂಬುವುದಿಲ್ಲ. ಜೀನೇ ಕೆಟ್ಟಿರುತ್ತದೆ.

ಎಳೆ ಸತ್ತ ಮಾತ್ರಕ್ಕೆ ನಾರು ಏಕೆ ಬೆಳೆಯಬೇಕು? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾದದ್ದು ಇದನ್ನೇ. ನಿಮ್ಮ ಸ್ನಾಯುವಿಗೂ ಗಾಯವಾಗುತ್ತದೆ, ವಾಸಿಯೂ ಆಗುತ್ತದೆ. ಮೊದಲು ಬರುವ ಮ್ಯಾಕ್ರೊಫೇಜ್ ಕೋಶಗಳು ಸತ್ತದ್ದನ್ನು ನುಂಗಿ ಟಿಎನ್‌ಎಫ್ ಎಂಬ ಸಂಕೇತ ಸುರಿಸುತ್ತವೆ. ಆಮೇಲೆ ಬರುವ ದುರಸ್ತಿಯ ಮ್ಯಾಕ್ರೊಫೇಜ್‌ಗಳದ್ದು ಟಿಜಿಎಫ್-ಬೀಟಾ ಎಂಬ ಇನ್ನೊಂದು ಸಂಕೇತ. ಇವುಗಳ ನಡುವೆ ಎಫ್‌ಎಪಿ ಎಂಬ ಆಧಾರ ಕೋಶಗಳು ಮೂರು ದಿನದ ಆಸುಪಾಸಿನಲ್ಲಿ ವಿಪರೀತ ಹೆಚ್ಚುತ್ತವೆ. ಹೊಸ ಎಳೆ ಬೆಳೆಯುವ ತನಕ ಸಾರವೆ ಕಟ್ಟಿಕೊಡುವುದು ಅವೇ. ಹೆಚ್ಚಾದವನ್ನು ಟಿಎನ್‌ಎಫ್ ಕೊಲ್ಲುತ್ತದೆ, ಸಾರವೆ ಬಿಚ್ಚಿಕೊಳ್ಳುತ್ತದೆ.

ಡಿಸ್ಟ್ರೊಫಿಯಲ್ಲಿ ಕೆಡುವುದು ಈ ಸರದಿ. ಇವತ್ತಿನ ಗಾಯದ ಪಕ್ಕದಲ್ಲೇ ಹೋದ ವಾರದ ಗಾಯ. ಎರಡೂ ಬಗೆಯ ಮ್ಯಾಕ್ರೊಫೇಜ್ ಒಟ್ಟಿಗೇ ಇರುತ್ತವೆ. ಟಿಎನ್‌ಎಫ್ ಸಾಯಿಸಬೇಕಾದ ಎಫ್‌ಎಪಿಗಳನ್ನು ಟಿಜಿಎಫ್-ಬೀಟಾ ಬದುಕಿಸಿಬಿಡುತ್ತದೆ. ಅದು ಕೋಶದ ಗ್ರಾಹಕಕ್ಕೆ ಅಂಟಿದೊಡನೆ ಸ್ಮ್ಯಾಡ್-2 ಮತ್ತು ಸ್ಮ್ಯಾಡ್-3 ಎಂಬ ಸಂದೇಶವಾಹಕ ಪ್ರೋಟೀನುಗಳಿಗೆ ಫಾಸ್ಫೇಟ್ ಸೇರುತ್ತದೆ. ಅವು ಸ್ಮ್ಯಾಡ್-4ರ ಜೊತೆಗೂಡಿ ಕೋಶಕೇಂದ್ರಕ್ಕೆ ಹೋಗಿ ನಾರು ಕಟ್ಟುವ ಕೊಲಾಜನ್ ಜೀನುಗಳನ್ನು ಎಬ್ಬಿಸುತ್ತವೆ. ಇನ್ನೂ ಕೆಟ್ಟದ್ದು ಮುಂದಿದೆ. ಟಿಜಿಎಫ್-ಬೀಟಾ ಹೊರಗಿನ ಜಾಲರಿಯಲ್ಲಿ ಕಟ್ಟಿಹಾಕಿದ ಸ್ಥಿತಿಯಲ್ಲೂ ಸಂಗ್ರಹವಾಗಿರುತ್ತದೆ. ನಾರು ಬಿಗಿಯಾದಷ್ಟೂ ಎಳೆತಕ್ಕೆ ಅದು ಬಿಡುಗಡೆಯಾಗುತ್ತದೆ, ಮತ್ತೆ ನಾರು. ಹೀಗೆ ಕಟ್ಟಿಹಾಕುವ ಎಲ್‌ಟಿಬಿಪಿ-4 ಪ್ರೋಟೀನಿನ ಜೀನ್ ವ್ಯತ್ಯಾಸವೂ ಹುಡುಗರು ನಡಿಗೆ ಕಳೆದುಕೊಳ್ಳುವ ವಯಸ್ಸು ಬೇರೆ ಬೇರೆಯಾಗಲು ಒಂದು ಕಾರಣ.

ಹಾಗಾದರೆ ಆ ಸಂಕೇತವನ್ನೇ ತಡೆದರಾಯಿತಲ್ಲ? ಟಿಜಿಎಫ್-ಬೀಟಾ ಉರಿಯೂತಕ್ಕೆ ಕಡಿವಾಣ ಹಾಕುವ ಕೆಲಸವನ್ನೂ ಮಾಡುತ್ತದೆ, ಪೂರ್ತಿ ಮುಚ್ಚುವ ಹಾಗಿಲ್ಲ. ಅದರ ಮುಂದಿನ ಹಂತದ ಸಿಟಿಜಿಎಫ್ ಎಂಬ ಸಂಕೇತವನ್ನು ಹಿಡಿಯುವ ಪ್ಯಾಮ್ರೆವ್‌ಲುಮ್ಯಾಬ್ ಎಂಬ ಔಷಧಿ 2023ರಲ್ಲಿ ಮೂರನೇ ಹಂತದ ಪ್ರಯೋಗದಲ್ಲಿ ಸೋತಿತು. 2024ರ ಮಾರ್ಚ್‌ನಲ್ಲಿ ಅಮೆರಿಕ ಒಪ್ಪಿದ ಗಿವಿನೊಸ್ಟ್ಯಾಟ್ ಔಷಧಿ ಬೇರೆ ದಾರಿಯದು: ಎಚ್‌ಡಿಎಸಿ ಎಂಬ, ಜೀನುಗಳ ಕೆಲಸ ತಗ್ಗಿಸುವ ಕಿಣ್ವಗಳನ್ನು ತಡೆಯುತ್ತದೆ. 6 ವರ್ಷ ತುಂಬಿದವರಿಗೆ ಮಾತ್ರ. ಪ್ಲೇಟ್‌ಲೆಟ್, ಟ್ರೈಗ್ಲಿಸರೈಡ್ ಪರೀಕ್ಷೆ ಮಾಡಿಸುತ್ತಲೇ ಇರಬೇಕು.

ಈಗ ನಿಮ್ಮ ವ್ಯಾಯಾಮ. ಮೆಟ್ಟಿಲು ಇಳಿಸುವುದು, ಬಸ್ಕಿ ಹೊಡೆಸುವುದು, ಟ್ರ್ಯಾಂಪೊಲಿನ್ ಮೇಲೆ ಕುಣಿಸುವುದು ಬೇಡ. ಸ್ನಾಯು ಉದ್ದವಾಗುತ್ತಲೇ ಭಾರ ಹೊತ್ತಾಗ ಪೊರೆ ಅತಿ ಹೆಚ್ಚು ಹರಿಯುತ್ತದೆ, ಮೇಲೆ ಹೇಳಿದ ಸರಣಿ ಶುರುವಾಗುತ್ತದೆ. ದಣಿಯದ ಹಾಗೆ ಈಜು ಆಗಬಹುದು. ಹಿಮ್ಮಡಿಯ ಸ್ನಾಯುರಜ್ಜು ಬಿಗಿಯದಂತೆ ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟ ಎಳೆತ ಮಾಡಿಸಿ, ರಾತ್ರಿ ಸ್ಪ್ಲಿಂಟ್ ಹಾಕಿ. ಉರಿಯೂತ ತಗ್ಗಿಸಲು ಪ್ರತಿದಿನ ಕೊಡುವ ಸ್ಟಿರಾಯ್ಡಿನ ರೂಢಿಯ ಆರಂಭಿಕ ಪ್ರಮಾಣ, ಕಿಲೋ ತೂಕಕ್ಕೆ ಪ್ರೆಡ್ನಿಸೊಲೋನ್ 0.75 ಮಿಲಿಗ್ರಾಂ ಅಥವಾ ಡೆಫ್ಲಜಕಾರ್ಟ್ 0.9 ಮಿಲಿಗ್ರಾಂ. ಮುಖ ಊದಿತು ಎಂದು ನೆಂಟರ ಮಾತು ಕೇಳಿ ಥಟ್ಟನೆ ನಿಲ್ಲಿಸಬೇಡಿ. ಅಡ್ರಿನಲ್ ಗ್ರಂಥಿ ಕೈಕೊಟ್ಟು ಪ್ರಾಣಕ್ಕೇ ಬರಬಹುದು. ಪ್ರಮಾಣ ಬದಲಿಸುವುದು ವೈದ್ಯರ ಕೆಲಸ.

ರಕ್ತಪರೀಕ್ಷೆಯ ಬಗ್ಗೆಯೂ ಕೇಳಿ. ಎಸ್‌ಜಿಒಟಿ, ಎಸ್‌ಜಿಪಿಟಿ ಕಿಣ್ವಗಳು ಏರಿವೆ ಎಂದು ಯಕೃತ್ತಿಗೆ ಔಷಧಿ ಕೊಡಿಸುವ ಮೊದಲು ಸಿಕೆ (ಕ್ರಿಯಾಟಿನ್ ಕೈನೇಸ್ ಎಂಬ ಸ್ನಾಯುವಿನ ಕಿಣ್ವ) ನೋಡಿಸಿ. ಅವೆಲ್ಲ ಹರಿದ ಸ್ನಾಯುವಿನಿಂದಲೂ ಸೋರುತ್ತವೆ. ಚಿಕ್ಕಂದಿನಲ್ಲಿ ಹತ್ತು ಸಾವಿರ ದಾಟುತ್ತಿದ್ದ ಸಿಕೆ ದೊಡ್ಡವನಾಗುತ್ತ ಇಳಿದರೆ “ಗುಣವಾಗ್ತಿದೆ” ಎನ್ನಬೇಡಿ. ಸೋರುವುದಕ್ಕೆ ಸ್ನಾಯುವೇ ಕಡಿಮೆಯಾಗಿದೆ.