ಲೂಕ ಬರೆಯದ ತಾರೀಖು

ಅವ್ವನ ಬೈಬಲ್ಲಿನಲ್ಲಿ ಲೂಕನ ಸುವಾರ್ತೆಯ 18ನೇ ಅಧ್ಯಾಯದ ಪುಟ ಉಳಿದವುಗಳಿಗಿಂತ ಜಾಸ್ತಿ ಮಾಸಿದೆ. ಅಂಚಿನ ತುಂಬ ಪೆನ್ಸಿಲ್ಲಿನಲ್ಲಿ ಬರೆದ ತಾರೀಖುಗಳು. ಪ್ರಸಂಗ ಕೇಳಿದ ದಿನಗಳಿರಬೇಕು ಅಂದುಕೊಂಡಿದ್ದೆ. ಅವು ಕೋರ್ಟಿನ ತಾರೀಖುಗಳು.

ಅಪ್ಪ ವಿಲ್ ಬರೆಯದೆ ತೀರಿಕೊಂಡರು. ನಮ್ಮಂಥ ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಅದರಲ್ಲಿ ಲೆಕ್ಕ ಸರಳವಾಗಿದೆ: ಹೆಂಡತಿಗೆ ಮೂರನೇ ಒಂದು ಪಾಲು, ಉಳಿದದ್ದು ಮಕ್ಕಳಿಗೆ. ಆದರೆ ಅಜ್ಜನ ಮನೆಯಲ್ಲಿ ಅಪ್ಪನಿಗೆ ಪಾಲೇ ಇಲ್ಲ ಎಂದು ದೊಡ್ಡಪ್ಪ ಪಟ್ಟು ಹಿಡಿದರು. ಅಲ್ಲಿಂದ ಒಂಬತ್ತು ವರ್ಷ.

ಮೊದಲ ಎರಡು ವರ್ಷ ರಾತ್ರಿ ಊಟಕ್ಕೆ ಮುಂಚೆ ಎಲ್ಲರೂ ಮಂಡಿಯೂರಿ ಇದಕ್ಕಾಗಿ ಪ್ರಾರ್ಥಿಸುತ್ತಿದ್ದೆವು. ಆಮೇಲೆ ನಾನು ಬಿಟ್ಟೆ. ಸಿಟ್ಟು ಮಾಡಿಕೊಂಡೇನೂ ಅಲ್ಲ, ಸುಮ್ನೆ ಮಾತು ಬರುವುದು ನಿಂತಿತು. ದೇವರಿಗೆ ಕೇಳಿಸಿದ್ದರೆ ಒಮ್ಮೆ ಹೇಳಿದರೆ ಸಾಕು, ಕೇಳಿಸದಿದ್ದರೆ ಸಾವಿರ ಸಲ ಹೇಳಿ ಏನು ಅನ್ನಿಸುತ್ತಿತ್ತು. ಅವ್ವ ನನ್ನನ್ನು ಬೈಯಲಿಲ್ಲ. ಒಬ್ಬಳೇ ಮುಂದುವರಿಸಿದಳು.

ಕಳೆದ ಮಳೆಗಾಲದಲ್ಲಿ ಅವಳ ಮಂಡಿನೋವು ಹೆಚ್ಚಾಗಿತ್ತು. ಹಾಗಾಗಿ ತಾರೀಖಿಗೆ ನಾನೂ ಜೊತೆಗೆ ಹೋದೆ. ಹತ್ತೂವರೆಗೇ ಹೋಗಿ ವರಾಂಡದ ಬೆಂಚಿನ ತುದಿಯಲ್ಲಿ ಕೂತೆವು. ಒದ್ದೆ ಕೊಡೆಗಳು, ಕಡತ ಹಿಡಿದು ಓಡಾಡುವ ಜೂನಿಯರ್ ವಕೀಲರು, ಎಲ್ಲಿಂದಲೋ ಚಹಾದ ವಾಸನೆ. ಅವ್ವ ಸೆರಗಿನೊಳಗೆ ಕೈಜೋಡಿಸಿ ತುಟಿ ಅಲ್ಲಾಡಿಸುತ್ತಿದ್ದಳು. ಸಮಾಧಾನ ಕೇಳುತ್ತಿದ್ದಾಳೆ ಅಂದುಕೊಂಡು ಕಿವಿಗೊಟ್ಟೆ. ಬೈಬಲ್ಲಿನ 13ನೇ ಕೀರ್ತನೆ! ಇರುವುದೇ ಆರು ವಚನ. ಮೊದಲೆರಡರಲ್ಲೇ ‘ಎಲ್ಲಿಯವರೆಗೆ’ ಅಂತ ನಾಲ್ಕು ಸಲ ಕೇಳುವ ಕೀರ್ತನೆ. ಅವ್ವ ಆ ನಾಲ್ಕನ್ನೂ ಒತ್ತಿ ಒತ್ತಿ ಹೇಳುತ್ತಿದ್ದಳು, ಹಾಲಿನವನ ಹತ್ತಿರ ಲೆಕ್ಕ ಕೇಳುವ ಹಾಗೆ. ದೇವರ ಜೊತೆ ಹೀಗೂ ಮಾತಾಡಬಹುದು ಅಂತ ನನಗೆ ಹೊಳೆದೇ ಇರಲಿಲ್ಲ. ಸಂಡೇಸ್ಕೂಲಿನಲ್ಲಿ ಕಲಿಸಿದ್ದು ಕಣ್ಣು ಮುಚ್ಚು, ಮೆಲ್ಲಗೆ ಮಾತಾಡು ಅಂತ.

ಹಿಂದಿನ ಭಾನುವಾರವಷ್ಟೇ ಸಭಾಪಾಲಕರು ಲೂಕನ ಅದೇ 18ನೇ ಅಧ್ಯಾಯದಿಂದ, ನ್ಯಾಯ ಕೇಳುವ ವಿಧವೆ ಮತ್ತು ನ್ಯಾಯಾಧಿಪತಿಯ ಸಾಮ್ಯ, ಅಂದರೆ ದೃಷ್ಟಾಂತದ ಕಥೆ, ಹೇಳಿದ್ದರು. ದೇವರಿಗೂ ಹೆದರದ, ಮನುಷ್ಯರನ್ನೂ ಲಕ್ಷಿಸದ ನ್ಯಾಯಾಧಿಪತಿ. ಈ ಹೆಂಗಸು ಬಂದು ಬಂದು ನನ್ನನ್ನು ದಣಿಸಿಬಿಡುತ್ತಾಳೆ ಅಂತ ಕಡೆಗೆ ಅವನೇ ಸೋಲುತ್ತಾನೆ. ‘ದಣಿಸು’ ಅನ್ನುವಲ್ಲಿರುವ ಗ್ರೀಕ್ ಪದಕ್ಕೆ ಮೂಲ ಅರ್ಥ ಕಣ್ಣಿನ ಕೆಳಗೆ ಗುದ್ದುವುದು, ಮುಷ್ಟಿಕಾಳಗದ ಮಾತು ಅಂತ ಅವರು ವಿವರಿಸಿದಾಗ ಸಭೆಯೆಲ್ಲ ನಕ್ಕಿತ್ತು. ನಾನು ಅದನ್ನೇ ನೆನಪಿಸಿದೆ.

“ಅವ್ವಾ, ಅಕಿಗಾದ್ರೂ ನ್ಯಾಯ ಸಿಕ್ತಲ್ಲ.”

“ಸಿಕ್ತು. ಆದ್ರ ಅಕಿಗೆ ಎಷ್ಟ ತಾರೀಖ ಕೊಟ್ಟಿದ್ನೋ, ಲೂಕ ಬರದಿಲ್ಲ ನೋಡು.”

ನನಗೆ ನಗು ತಡೆಯಲಾಗಲಿಲ್ಲ. ಪಕ್ಕದ ಅಜ್ಜ ತಿರುಗಿ ನೋಡಿದರು. ನಿಜ ಅಲ್ವಾ? ನಾಲ್ಕೈದು ವಚನದಲ್ಲಿ ಮುಗಿಯುವ ಕಥೆ ಅಂತ ಬೇಗ ಮುಗಿದ ಕೇಸು ಅಂದುಕೊಂಡಿದ್ದೆ. ಆ ಹೆಂಗಸೂ ಎಷ್ಟೋ ಸಂಜೆ ಬರಿಗೈಯಲ್ಲಿ ಮನೆಗೆ ನಡೆದಿರಬೇಕು, ಬೆಳಗ್ಗೆ ಎದ್ದು ಮತ್ತೆ ಸೀರೆ ಸರಿಮಾಡಿಕೊಂಡಿರಬೇಕು.

ಮೂರು ಗಂಟೆ ದಾಟಿದ ಮೇಲೆ ನಮ್ಮ ಕೇಸು ಕೂಗಿದರು. ಆ ಕಡೆಯ ವಕೀಲರು ಬಂದಿರಲಿಲ್ಲ. ಎರಡು ನಿಮಿಷವೂ ಆಗಲಿಲ್ಲ, ಮುಂದಕ್ಕೆ ಹೋಯಿತು. ನನಗೆ ಅಳು ಬಂತು. ಅವ್ವ ವಕೀಲರಿಗೆ ನಮಸ್ಕಾರ ಹೇಳಿ ಮೆಟ್ಟಿಲು ಇಳಿದಳು, ಒಂದೊಂದಕ್ಕೂ ನಿಂತು.

ರಾತ್ರಿ ಅವಳು ಮಂಡಿಯೂರಲಾಗದೆ ಕುರ್ಚಿಯಲ್ಲೇ ಕೂತು ಶುರುಮಾಡಿದಳು. ನಾನೂ ಪಕ್ಕದಲ್ಲಿ ಕೂತೆ. ಏಳು ವರ್ಷದ ಮೇಲೆ ನನ್ನ ಬಾಯಿಂದ ಬಂದದ್ದು ಒಂದೇ ಮಾತು, “ಎಲ್ಲಿಯವರೆಗೆ?” ಅವ್ವ “ಆಮೆನ್” ಅಂದಳು. ಆಮೇಲೆ ಕನ್ನಡಕ ಸಿಗಲಿಲ್ಲ ಅಂತ ಬೈಬಲ್ಲನ್ನೂ ಪೆನ್ಸಿಲ್ಲನ್ನೂ ನನ್ನ ಕಡೆ ತಳ್ಳಿದಳು. ಅಂಚಿನಲ್ಲಿ ಜಾಗ ಇರಲಿಲ್ಲ. ಎದುರು ಪುಟದಲ್ಲಿ ಬರೆದೆ.