ಪಕ್ಕಪಕ್ಕದ ಎರಡು ಮೇಜು

ನಮ್ಮ ಕಾಲದಲ್ಲಿ ಕಾಲೇಜು ಲೈಬ್ರರಿಯ ರೆಫರೆನ್ಸ್ ಮೇಜಿಗೆ ಅಂಟಿಕೊಂಡಂತೆ ಬರವಣಿಗೆ ಕೇಂದ್ರದ ಮೇಜಿತ್ತು. ಪುಸ್ತಕ ಹುಡುಕಿಕೊಡುವವರು ಒಂದು ಕಡೆ, ಕರಡು ಓದಿ ಹೇಳುವವರು ಇನ್ನೊಂದು ಕಡೆ. ಪ್ರಾಜೆಕ್ಟ್ ಹಿಡಿದು ಬಂದವರು ಎರಡರ ನಡುವೆ ಓಡಾಡುತ್ತಲೇ ಇರಬೇಕಿತ್ತು. ಸಾಮಾನ್ಯವಾಗಿ ಲೈಬ್ರರಿ ತರಬೇತಿ ಎಂದರೆ ಮೊದಲ ವಾರದ ಒಂದು ಪ್ರದಕ್ಷಿಣೆ, ಬರವಣಿಗೆ ಪಾಠ ಎಂದರೆ ಸಲ್ಲಿಸುವ ಮುಂಚಿನ ಕಾಗುಣಿತ ತಿದ್ದುಪಡಿ. ನಡುವಿನ ತಿಂಗಳುಗಳೆಲ್ಲ ಗೂಗಲ್ ಪಾಲು. ಆ ಖಾಲಿ ಜಾಗವನ್ನು ತುಂಬಿದ್ದು ಈ ಏರ್ಪಾಡು.

ಮೊದಲ ಕೆಲಸ ಚೀಟಿ ಬರೆಯುವುದು. ಅದರಲ್ಲಿ ವಿಷಯ ಬರೆದರೆ ನಡೆಯುತ್ತಿರಲಿಲ್ಲ, ಪ್ರಶ್ನೆಯೇ ಬೇಕು. ‘ಬೆಂಗಳೂರಿನ ಕೆರೆಗಳು’ ಎಂದು ಬರೆದುಕೊಂಡು ಹೋದರೆ ಲೈಬ್ರರಿಯನ್ ಪಕ್ಕದ ಮೇಜಿಗೆ ದಾಟಿಸುತ್ತಿದ್ದರು. ಅಲ್ಲಿ ಅದು ‘ಸಂಪಂಗಿ ಕೆರೆ ಇದ್ದಲ್ಲಿ ಕಂಠೀರವ ಕ್ರೀಡಾಂಗಣ ಬಂದಾಗ, ಆ ನೀರು ನಂಬಿದ್ದವರು ಏನಾದರು?’ ಎಂದಾಗುತ್ತಿತ್ತು. ಜಾಗ, ಕಾಲ, ಜನ ಮೂರೂ ಪ್ರಶ್ನೆಯೊಳಗಿರಬೇಕು. ಒಂದು ಬಿಟ್ಟರೂ ಹುಡುಕಾಟ ದಿಕ್ಕಾಪಾಲು.

ಆಮೇಲೆ ಹುಡುಕುಪದಗಳ ಪಟ್ಟಿ. ಹೆಚ್ಚಿನವರು ಎಡವುವುದು ಇಲ್ಲೇ. ಇಂಗ್ಲಿಷ್‌ನಲ್ಲಿ ನಮ್ಮೂರ ಹೆಸರು ಅಧಿಕೃತವಾಗಿ ಬೆಂಗಳೂರು ಆದದ್ದು 2014ರ ನವೆಂಬರ್ 1ರಂದು. ಅದಕ್ಕೂ ಹಿಂದಿನದನ್ನೆಲ್ಲ ಬ್ಯಾಂಗಲೋರ್ ಎಂದೇ ಹುಡುಕಬೇಕು. 1973ಕ್ಕಿಂತ ಹಿಂದಿನ ರಾಜ್ಯದ ದಾಖಲೆಗಳು ಮೈಸೂರಿನ ಹೆಸರಲ್ಲಿವೆ. ಇಂದಿನ ಲೇಖನ ‘ಲೇಕ್’ ಅನ್ನುವುದನ್ನು ಹಳೆಯ ವರದಿ ‘ಟ್ಯಾಂಕ್’ ಅನ್ನುತ್ತದೆ. ಕನ್ನಡದಲ್ಲಿ ಚನ್ನ, ಚೆನ್ನ ಎರಡನ್ನೂ ಹಾಕಿ ನೋಡಬೇಕು. ಲೇಖಕರ ಇನಿಷಿಯಲ್ ಹಿಂದೆ ಇದೆಯೋ ಮುಂದೆ ಇದೆಯೋ ಎಂದೂ ನೋಡಬೇಕು. ಪಿಎಚ್.ಡಿ. ಪ್ರಬಂಧಗಳ ಆನ್‌ಲೈನ್ ಭಂಡಾರವಾದ ಶೋಧಗಂಗಾದ ಕನ್ನಡ ಪ್ರಬಂಧಗಳದ್ದು ಇನ್ನೊಂದು ತಾಪತ್ರಯ. ಎಷ್ಟೋ ಪ್ರಬಂಧಗಳು ‘ನುಡಿ’, ‘ಬರಹ’ ಎಂಬ ಹಳೆಯ ಕನ್ನಡ ಫಾಂಟ್‌ಗಳಲ್ಲಿ ಟೈಪಾದವು, ಇಲ್ಲವೇ ಸ್ಕ್ಯಾನ್ ಆದವು. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಬರೀ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ ಅಥವಾ ಚಿತ್ರ. ಈಗ ಎಲ್ಲೆಡೆ ಬಳಸುವ ಯೂನಿಕೋಡ್ ಕನ್ನಡದಲ್ಲಿ ಪದ ಕೊಟ್ಟರೆ ಒಳಗಿನ ಪುಟಗಳಲ್ಲಿ ಏನೂ ಸಿಗುವುದಿಲ್ಲ. ಶೀರ್ಷಿಕೆಯಿಂದ ಹಿಡಿದು ಪರಿವಿಡಿ ತೆರೆದು ಕಣ್ಣಾಡಿಸುವುದೊಂದೇ ದಾರಿ.

ಕಪಾಟಿನಲ್ಲೂ ಕೆರೆ ಒಂದೇ ಕಡೆ ಸಿಗುವುದಿಲ್ಲ. ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಕ್ರಮದಲ್ಲಿ ಕರ್ನಾಟಕದ ಇತಿಹಾಸ 954.87, ನೀರು ಸರಬರಾಜು 628.1, ಜಲಸಂಪನ್ಮೂಲ 333.91. ಮೂರೂ ಕಡೆ ನಿಂತು ನೋಡಬೇಕು.

ಟಿಪ್ಪಣಿ ಮಾಡುವ ಕ್ರಮ ಮಾತ್ರ ಎರಡೂ ಮೇಜಿನವರು ಸೇರಿ ಕಲಿಸಿದ್ದು. ಹಾಳೆಯ ಎಡಕ್ಕೆ ಪುಸ್ತಕ, ಪುಟಸಂಖ್ಯೆ, ಮೂಲದ ಮಾತು ಉದ್ಧರಣ ಚಿಹ್ನೆಯೊಳಗೆ. ಬಲಕ್ಕೆ ಪುಸ್ತಕ ಮುಚ್ಚಿಟ್ಟು ಬರೆದ ಸ್ವಂತ ವಾಕ್ಯ. ಮತ್ತೆ ತೆರೆದು ಹೋಲಿಸಬೇಕು. ಪುಸ್ತಕ ತೆರೆದಿಟ್ಟೇ ಬರೆದರೆ ಕ್ರಿಯಾಪದ ಬದಲಾಗುತ್ತದೆ, ವಾಕ್ಯದ ಎಲುಬು ಹಾಗೇ ಉಳಿಯುತ್ತದೆ. ಉದ್ಧರಣ ಚಿಹ್ನೆ ಬಿಟ್ಟುಹೋದ ಸಾಲು ಮೂರು ವಾರದ ನಂತರ ನಮ್ಮದೇ ಅನಿಸತೊಡಗುತ್ತದೆ. ಕೃತಿಚೌರ್ಯ ಬಹುಮಟ್ಟಿಗೆ ಶುರುವಾಗುವುದು ಹೀಗೆ, ಕಳ್ಳತನದ ಬುದ್ಧಿಯಿಂದಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎಂದಿದೆ. ಅದನ್ನು ಅಷ್ಟು ನಕಲಿಗೆ ಪರವಾನಗಿ ಎಂದು ಓದುವವರು ಈಗಲೂ ಇದ್ದಾರೆ. ಹಳೆಯ ‘ನುಡಿ’ ಫಾಂಟಿನ ಕಡತಕ್ಕೆ ಹೋಲಿಕೆ ಹುಡುಕುವ ಸಾಫ್ಟ್‌ವೇರ್ ಸೊನ್ನೆ ತೋರಿಸಿದರೆ, ಅದಕ್ಕೆ ಕನ್ನಡವೇ ಕಂಡಿಲ್ಲ ಎಂದು ತಿಳಿಯಬೇಕು.

ಕರಡು ಅರ್ಧಕ್ಕೆ ಬಂದಾಗಲೇ ತೋರಿಸಬೇಕಿತ್ತು, ಟಿಪ್ಪಣಿಯ ಹಾಳೆಗಳ ಸಮೇತ. ಓದುವವರು ಅಂಚಿನಲ್ಲಿ ‘ಯಾರು ಹೇಳಿದ್ದು?’, ‘ಯಾವ ವರ್ಷ?’ ಎಂದು ಪೆನ್ಸಿಲಿನಲ್ಲಿ ಗೀಚುತ್ತಿದ್ದರು. ಉತ್ತರ ಹಾಳೆಯಲ್ಲಿದ್ದರೆ ಸರಿ, ಇಲ್ಲದಿದ್ದರೆ ಮತ್ತೆ ಲೈಬ್ರರಿಯನ್ ಮುಂದೆ. ಅಲ್ಲೂ ಸಿಗದಿದ್ದರೆ ನೃಪತುಂಗ ರಸ್ತೆಯಲ್ಲಿರುವ ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿಗೋ ಚಾಮರಾಜಪೇಟೆಯ ಸಾಹಿತ್ಯ ಪರಿಷತ್ತಿಗೋ ವಿಭಾಗದ ಪತ್ರ ಹಿಡಿದು ಹೊರಡಬೇಕು.

ಈ ಏರ್ಪಾಡಿನಲ್ಲಿ ಕೆಟ್ಟಿದ್ದು ವೇಳಾಪಟ್ಟಿ. ಲೈಬ್ರರಿ ಸಂಜೆಯೂ ತೆರೆದಿರುತ್ತಿತ್ತು, ಬರವಣಿಗೆ ಮೇಜು ತರಗತಿ ಮುಗಿಯುವ ಹೊತ್ತಿಗೇ ಖಾಲಿ. ಸಂಜೆ ಕಾಲೇಜಿನವರಿಗೆ ಪುಸ್ತಕ ಸಿಗುತ್ತಿತ್ತು, ಪ್ರಶ್ನೆ ತಿದ್ದುವವರು ಸಿಗುತ್ತಿರಲಿಲ್ಲ. ಈಗ ಎರಡೂ ಸೇವೆಗಳು ಆನ್‌ಲೈನ್ ಆಗುವುದಾದರೆ ಅರ್ಜಿಯ ಫಾರಂ ಒಂದೇ ಇರಲಿ, ವಿದ್ಯಾರ್ಥಿಯ ಪ್ರಶ್ನೆಯೂ ಕರಡೂ ಇಬ್ಬರಿಗೂ ಒಟ್ಟಿಗೇ ಕಾಣಲಿ.