ನೆಲವೇ ಡೊಂಕಾದಾಗ: ಸಣ್ಣ ರಕ್ತನಾಳ ಹೊಲಿಯುವ ಉಪಕರಣಗಳು

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸೂಕ್ಷ್ಮದರ್ಶಕದಡಿ ನಡೆಸುವ ಶಸ್ತ್ರಚಿಕಿತ್ಸೆಯಾದ ಮೈಕ್ರೋಸರ್ಜರಿಯಲ್ಲಿ ಮಾತ್ರ ಎಷ್ಟೋ ಸಲ ನೆಲ ನಿಜಕ್ಕೂ ಡೊಂಕಾಗಿರುತ್ತದೆ. ದಾರ ಜಾರುತ್ತದೆ, ಸೂಜಿ ತಿರುಗುತ್ತದೆ, ನಾಳ ಹರಿಯುತ್ತದೆ, ಕಲಿಯುವವರು ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ಚಿಮಟದ ತುದಿಯನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದರೆ ಅದು ಕೊಕ್ಕೆಯ ಹಾಗೆ ಬಾಗಿರುತ್ತದೆ.

ತುಂಡಾದ ಬೆರಳಿನ ಧಮನಿ ಹೆಚ್ಚೆಂದರೆ ಒಂದು, ಒಂದೂವರೆ ಮಿಲಿಮೀಟರ್. 1960ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಜೇಕಬ್‌ಸನ್ ಮತ್ತು ಸುವಾರೆಜ್ ಇಷ್ಟು ಸಣ್ಣ ನಾಳವನ್ನು ಸೂಕ್ಷ್ಮದರ್ಶಕದಡಿ ಹೊಲಿಯಬಹುದೆಂದು ತೋರಿಸಿದರು. 1965ರಲ್ಲಿ ಜಪಾನಿನ ನಾರಾದಲ್ಲಿ ಕೊಮಾತ್ಸು ಮತ್ತು ತಮಾಯಿ ಪೂರ್ತಿ ತುಂಡಾಗಿದ್ದ ಹೆಬ್ಬೆರಳನ್ನು ಮತ್ತೆ ಕೂಡಿಸಿದರು. ಆ ಕಾಲದಲ್ಲಿ ಗಡಿಯಾರ ರಿಪೇರಿಯವರ, ಅಕ್ಕಸಾಲಿಗರ ಚಿಮಟವೇ ಆಪರೇಷನ್ ಥಿಯೇಟರಿಗೆ ಬಂತು. ಇವತ್ತೂ ಟ್ರೇಯಲ್ಲಿ ಮಲಗಿರುವುದು ಅದೇ ವಂಶದ ಚಿಮಟ.

ಅದರಲ್ಲಿ 3 ಮತ್ತು 5ನೇ ನಂಬರ್ ಇದ್ದರೆ ಬಹಳ ಕೆಲಸ ಸಾಗುತ್ತದೆ. 5ರ ತುದಿ ತೀರಾ ಚೂಪು. 3 ತುಸು ದಪ್ಪ, ಗಂಟು ಹಾಕಲು ಅದೇ ಹಿತ. ಪರೀಕ್ಷೆ ಸುಲಭ: 10-0 ಅಳತೆಯ ದಾರದ (ಮೊದಲ ಅಂಕಿ ಹೆಚ್ಚಿದಷ್ಟೂ ದಾರ ತೆಳು) ತುಂಡನ್ನು ಕೈಗವಸಿನ ರಬ್ಬರಿನ ಮೇಲೆ ಬಿಟ್ಟು ಎತ್ತಿ ನೋಡಿ. ಮೆಲ್ಲಗೆ ಒತ್ತಿದಾಗಲೇ ಹಿಡಿಯಬೇಕು, ಎಳೆದರೆ ಜಾರಬಾರದು, ತುಂಡಾಗಲೂಬಾರದು. ಜಾರಿದರೆ ತುದಿ ಸೇರುತ್ತಿಲ್ಲ. ತುಂಡಾದರೆ ಒಳಅಂಚು ಹರಿತವಾಗಿದೆ. ಬಾಗಿದ ತುದಿಯನ್ನು ನಯವಾದ ಸಾಣೆಕಲ್ಲಿನ ಮೇಲೆ, ಸೂಕ್ಷ್ಮದರ್ಶಕದಡಿಯೇ, ಉಜ್ಜಿ ಸರಿಮಾಡಬಹುದು. ಒಮ್ಮೆ ನೆಲಕ್ಕೆ ಬಿದ್ದದ್ದನ್ನು ಮಾತ್ರ ಪರೀಕ್ಷಿಸದೆ ಟ್ರೇಗೆ ಹಾಕಬೇಡಿ.

ಸೂಜಿ ಹಿಡಿಯುವ ಇಕ್ಕಳ, ಅಂದರೆ ನೀಡಲ್ ಹೋಲ್ಡರಿಗೆ ಲಾಕ್ ಇರಬಾರದು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಲಾಕ್ ಬಿಡಿಸುವಾಗಿನ ಆ ಸಣ್ಣ ಟಕ್ ಬರಿಗಣ್ಣಿಗೆ ಏನೂ ಅಲ್ಲ. ಇಪ್ಪತ್ತು ಪಟ್ಟು ಹಿಗ್ಗಿಸಿ ನೋಡಿದರೆ ಸೂಜಿ ನಾಳದ ಗೋಡೆಯನ್ನು ಸೀಳಿಕೊಂಡು ಹೋಗುವಷ್ಟು ದೊಡ್ಡ ಏಟು. ಹಿಡಿ ದುಂಡಗಿರಬೇಕು, ಪೆನ್ನಿನಂತೆ ಹಿಡಿದು ಬೆರಳುಗಳ ನಡುವೆ ಹೊರಳಿಸಿದರೆ ಸೂಜಿ ತನ್ನ ವಕ್ರದಲ್ಲೇ ಸಾಗುತ್ತದೆ. ಮಣಿಕಟ್ಟು ತಿರುಗಿಸುವ ಅಗತ್ಯವಿಲ್ಲ, ಅಂಗೈಯ ಹೊರಅಂಚು ಗಟ್ಟಿಯಾಗಿ ಊರಿರಲಿ.

ಸೂಜಿಯನ್ನು ನೇರವಾಗಿ ಹಿಡಿಯಲು ಹೋಗುವುದು ಹೊಸಬರ ತಪ್ಪು. ಎಡಗೈ ಚಿಮಟದಲ್ಲಿ ದಾರವನ್ನು, ಸೂಜಿಯಿಂದ ಒಂದೆರಡು ಸೆಂಟಿಮೀಟರ್ ಬಿಟ್ಟು, ಹಿಡಿದು ತೂಗಿಸಿ. ಸೂಜಿ ಕೆಳಗಿನ ಮೇಲ್ಮೈಗೆ ತುಸುವೇ ತಾಗುವಂತೆ ಇಳಿಸಿ. ದಾರ ಅಲುಗಿಸಿದರೆ ಸೂಜಿ ನಿಂತಲ್ಲೇ ಸುತ್ತುತ್ತದೆ. ಬೇಕಾದ ಕಡೆ ಮುಖ ಮಾಡಿದಾಗ ನಡುಭಾಗದಿಂದ ಸ್ವಲ್ಪ ಹಿಂದೆ ಹಿಡಿಯಿರಿ. ತೀರಾ ಮುಂದೆ ಹಿಡಿದರೆ ದೂಡಲು ಉದ್ದ ಸಾಲದು, ತೀರಾ ಹಿಂದೆ ಹಿಡಿದರೆ ಬಾಗುತ್ತದೆ. ಸೂಜಿಯ ದಪ್ಪವೇ 70ರಿಂದ 100 ಮೈಕ್ರಾನ್, ನಮ್ಮ ತಲೆಕೂದಲಿನ ಅಂದಾಜು. 10-0 ನೈಲಾನ್ ದಾರ ಅದಕ್ಕಿಂತ ತೆಳು, 20ರಿಂದ 29 ಮೈಕ್ರಾನ್. ಒಂದು ಮಿಲಿಮೀಟರ್ ನಾಳಕ್ಕೆ ಇದು ಸರಿ. ಎರಡು ಮಿಲಿಮೀಟರ್ ಆದರೆ 9-0, ಬೆರಳ ತುದಿಯ ನಾಳಕ್ಕೆ 11-0.

ಕತ್ತರಿ ಎರಡು ಬೇಕು. ನೇರದ್ದು ನಾಳದ ತುದಿಯನ್ನು ಒಂದೇ ಏಟಿಗೆ ಕತ್ತರಿಸಲು. ಬಾಗಿದ, ತುದಿ ದುಂಡಗಿರುವುದು ಹೊರಪದರವಾದ ಅಡ್ವೆಂಟಿಶಿಯಾ ಬಿಡಿಸಲು. ಆ ಪದರದ ಎಳೆಯೊಂದು ನಾಳದೊಳಗೆ ಸೇರಿಕೊಂಡರೆ ರಕ್ತ ಅಲ್ಲಿಯೇ ಹೆಪ್ಪುಗಟ್ಟುತ್ತದೆ. ದಾರ ಕತ್ತರಿಸಲು ಹಳೆಯದೊಂದನ್ನು ಬೇರೆ ಇಟ್ಟುಕೊಳ್ಳಿ. ಡೈಲೇಟರ್ ನೋಡಲು ಚಿಮಟದಂತೆಯೇ, ಆದರೆ ತುದಿ ನುಣ್ಣಗೆ ಪಾಲಿಶ್ ಆಗಿರುತ್ತದೆ. ಮುಚ್ಚಿ ಒಳಗಿಟ್ಟು, ಮೆಲ್ಲಗೆ ತೆರೆದು ಮುದುಡಿದ ನಾಳವನ್ನು ಹಿಗ್ಗಿಸಬೇಕು. ಅದರ ಬದಲಿಗೆ ಚಿಮಟ ಬಳಸಿದರೆ ಒಳಪದರ ಇಂಟಿಮಾ ಗೀರಿಹೋಗುತ್ತದೆ.

ಇವೆಲ್ಲಕ್ಕಿಂತ ಅಲಕ್ಷ್ಯಕ್ಕೆ ಒಳಗಾಗುವುದು ಕ್ಲಾಂಪ್, ಹೊಲಿಯುವಾಗ ರಕ್ತ ತಡೆಯಲು ನಾಳಕ್ಕೆ ಸಿಕ್ಕಿಸುವ ಸಣ್ಣ ಕ್ಲಿಪ್. ಗಾತ್ರ ತಪ್ಪಿದರೆ ಎರಡು ಕಡೆಯಿಂದಲೂ ನಷ್ಟ: ಬಿಗಿ ಹೆಚ್ಚಾದರೆ ಇಂಟಿಮಾ ಜಜ್ಜುತ್ತದೆ, ಕಡಿಮೆಯಾದರೆ ಹೊಲಿಗೆಯ ನಡುವೆ ನಾಳ ಜಾರಿ ರಕ್ತ ಚಿಮ್ಮುತ್ತದೆ. ಸಣ್ಣ ನಾಳಕ್ಕೆ ಪ್ರತಿ ಚದರ ಮಿಲಿಮೀಟರಿಗೆ 30 ಗ್ರಾಂ ಒತ್ತಡ ದಾಟಬಾರದು ಎನ್ನುವುದು ರೂಢಿಯ ಮಿತಿ. ಕ್ಲಾಂಪನ್ನು ಬೆರಳಲ್ಲಿ ಅಗಲಕ್ಕೆ ತೆರೆದರೆ ಸ್ಪ್ರಿಂಗ್ ಸಡಿಲವಾಗುತ್ತದೆ, ಹಾಗಾಗಿ ಅದಕ್ಕೆಂದೇ ಇರುವ ಇಕ್ಕಳದಿಂದ, ಬೇಕಾದಷ್ಟೇ ತೆರೆಯಿರಿ. ಒಂದೇ ಕಡ್ಡಿಯ ಮೇಲೆ ಎರಡು ಕ್ಲಾಂಪ್ ಇರುವ ಅಪ್ರಾಕ್ಸಿಮೇಟರ್ ನಾಳದ ಎರಡೂ ತುದಿಗಳನ್ನು ಹತ್ತಿರ ತರುತ್ತದೆ. ಎಳೆದು ತರಬೇಕಾದ ಸ್ಥಿತಿ ಇದ್ದರೆ ಕ್ಲಾಂಪ್ ದೂರುವುದು ಬೇಡ, ನಡುವೆ ಅಭಿಧಮನಿಯ ತುಂಡೊಂದನ್ನು ಸೇರಿಸಬೇಕು.

ಹೊಲಿಗೆಯಲ್ಲಿ ಮೊದಲ ಎರಡನ್ನು 120 ಡಿಗ್ರಿ ಅಂತರದಲ್ಲಿ ಹಾಕಿದರೆ ಹಿಂಗೋಡೆ ತಾನಾಗಿ ಕೆಳಗೆ ಜೋಲುತ್ತದೆ, ಸೂಜಿಗೆ ಸಿಕ್ಕಿಬೀಳುವ ಸಂಭವ ಕಡಿಮೆ. ನಾಳವನ್ನು ಅಡ್ವೆಂಟಿಶಿಯಾದಲ್ಲಿ ಮಾತ್ರ ಹಿಡಿಯಿರಿ, ಗೋಡೆಯ ಪೂರ್ತಿ ದಪ್ಪವನ್ನು ಎಂದೂ ಹಿಂಡಬೇಡಿ. ಅಂಚಿನಿಂದ ಸೂಜಿ ಚುಚ್ಚುವ ದೂರ ಧಮನಿಯಲ್ಲಿ ಗೋಡೆಯ ದಪ್ಪದ ಒಂದರಿಂದ ಎರಡು ಪಟ್ಟು, ತೆಳುಗೋಡೆಯ ಅಭಿಧಮನಿಯಲ್ಲಿ ಇನ್ನೂ ಸ್ವಲ್ಪ ಹೆಚ್ಚು. ಒಂದು ಮಿಲಿಮೀಟರ್ ಧಮನಿಗೆ ಆರರಿಂದ ಎಂಟು ಹೊಲಿಗೆ ಸಾಕು. ಕೊನೆಯ ಎರಡು ಮೂರು ಹೊಲಿಗೆಗಳ ದಾರ ಎಳೆದು, ಗಂಟು ಹಾಕದೆ ಬಿಟ್ಟು, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಬೆರೆಸಿದ ಸಲೈನ್ ಹಾಯಿಸಿ ಒಳಗೆ ಇಣುಕಿ. ಹಿಂಗೋಡೆ ಸಿಕ್ಕಿದ್ದರೆ ಆಗಲೇ ಕಾಣುತ್ತದೆ. ಗಂಟನ್ನು ಬಿಗಿಯುವಾಗ ಅಂಚುಗಳು ತಾಗಿದೊಡನೆ ನಿಲ್ಲಿಸಬೇಕು. ಇನ್ನೂ ಬಿಗಿದರೆ ಗೋಡೆ ಹರಿಯುತ್ತದೆ.

ಹೊಲಿಗೆಯೇ ಬೇಡ ಎನ್ನುವ ಸಾಧನ ಕಪ್ಲರ್. 1962ರಲ್ಲಿ ಜಪಾನಿನ ನಾಕಾಯಾಮಾ ಉಂಗುರಗಳ ಜೋಡಿಯಿಂದ ನಾಳ ಸೇರಿಸಿ ತೋರಿಸಿದ ವಿಚಾರವೇ ಸುಧಾರಿಸಿ ಇಂದಿನ ರೂಪಕ್ಕೆ ಬಂದಿದೆ: ಎರಡು ಪಾಲಿಥೀನ್ ಉಂಗುರ, ಒಂದೊಂದಕ್ಕೆ ಆರು ಸ್ಟೀಲ್ ಮೊಳೆ. ನಾಳದ ತುದಿಯನ್ನು ಉಂಗುರದಿಂದ ಹೊರಗೆಳೆದು, ಅಂಗಿಯ ತೋಳು ಮಡಚಿದಂತೆ ಮಡಚಿ ಮೊಳೆಗಳಿಗೆ ಚುಚ್ಚಿ, ಎರಡನ್ನೂ ಒತ್ತಿ ಸೇರಿಸಿದರಾಯಿತು. ಅಭಿಧಮನಿಗೆ ಇದು ವರದಾನ, ಕೆಲವೇ ನಿಮಿಷದ ಕೆಲಸ. ಧಮನಿಯ ದಪ್ಪ ಗೋಡೆ ಹಾಗೆ ಮಡಚುವುದು ಕಷ್ಟ, ಅದಕ್ಕೇ ಬಹುತೇಕರು ಅಲ್ಲಿ ದಾರವನ್ನೇ ನಂಬುತ್ತಾರೆ. ಅಳತೆಗೋಲಿಟ್ಟು ಗಾತ್ರ ನೋಡದೆ ದೊಡ್ಡ ಉಂಗುರ ಆರಿಸಿದರೆ ಗೋಡೆ ಹರಿಯುತ್ತದೆ. ಒಂದು ಮೊಳೆ ತಪ್ಪಿದರೂ ಅಲ್ಲಿಂದ ಸೋರುತ್ತದೆ. ಬಿಸಾಡುವ ವಸ್ತು, ಬೆಲೆಯೂ ಕಡಿಮೆಯಲ್ಲ.

ಕೆಲಸ ಮುಗಿದ ಮೇಲೆ ಈ ಉಪಕರಣಗಳನ್ನು ದಪ್ಪ ಕತ್ತರಿ, ಫೋರ್ಸೆಪ್ಸ್ ಜೊತೆ ಒಂದೇ ಬೇಸಿನ್ನಿಗೆ ಹಾಕಿದರೆ ಎಲ್ಲ ಮುಗಿದಂತೆ. ರಕ್ತ ಒಣಗುವ ಮುಂಚೆ ಡಿಸ್ಟಿಲ್ಡ್ ನೀರಲ್ಲಿ ತೊಳೆದು, ಅಲ್ಟ್ರಾಸಾನಿಕ್ ಕ್ಲೀನರಿನಲ್ಲಿ ಒಂದಕ್ಕೊಂದು ತಾಗದಂತೆ ಇಟ್ಟು, ಸಿಲಿಕೋನ್ ಮುಳ್ಳುಗಳಿರುವ ಟ್ರೇಯಲ್ಲಿ ಜೋಡಿಸಿ ಆಟೋಕ್ಲೇವ್ ಮಾಡಬೇಕು. ತುದಿಯನ್ನು ಗಾಜ್ ಬಟ್ಟೆಯಿಂದ ಒರೆಸಿದರೆ ಎಳೆ ಸಿಕ್ಕಿಕೊಂಡು ಬಾಗುತ್ತದೆ. ಸೂಜಿ ಬಿಟ್ಟರೂ ಚಿಮಟಕ್ಕೆ ಅಂಟಿಕೊಂಡೇ ಇದ್ದರೆ ಉಕ್ಕಿಗೆ ಅಯಸ್ಕಾಂತ ಗುಣ ಬಂದಿದೆ ಎಂದರ್ಥ. ಡಿಮ್ಯಾಗ್ನೆಟೈಸರ್ ಮೇಲೆ ಒಮ್ಮೆ ಹಾಯಿಸಿದರೆ ಬಿಡುತ್ತದೆ. ಗಡಿಯಾರ ರಿಪೇರಿ ಅಂಗಡಿಯಲ್ಲೂ ಅದೇ ಸಾಧನ ಇರುತ್ತದೆ.